ಚಿಂತೆ ತೀರಿತು, ನಿದ್ದೆ ಬರ್ಲಿಲ್ಲ

ಹೋದ ಸಲ ತೆಂಗಿನ ಬಿಳಿ ನೊಣದ ವಿಚಾರ ಬರೆದಿದ್ದೆ. ಈ ಸಲ ಬೆಳೆ ವಿಚಾರ ಅಲ್ಲ, ಬೆಳೆಗಾರನ ವಿಚಾರ. ಬರೀಬೇಕೋ ಬೇಡವೋ ಅಂತ ಎರಡು ತಿಂಗಳಿಂದ ಯೋಚನೆ ಮಾಡ್ತಿದ್ದೆ. ಮೊನ್ನೆ ಬೆಳಿಗ್ಗೆ ಡೈರಿ ಹತ್ರ ಹಾಲು ಹಾಕೋಕೆ ನಿಂತಿದ್ದಾಗ ಪಕ್ಕದೂರಿನವರೊಬ್ರು, "ಮೂರು ತಿಂಗಳಾಯ್ತು ಕಣಣ್ಣ, ರಾತ್ರಿ ಎರಡು ಗಂಟೆ ಮೇಲೆ ಕಣ್ಣು ಮುಚ್ಚಿಲ್ಲ" ಅಂದ್ರು. ಪಕ್ಕದಲ್ಲಿದ್ದ ಇನ್ನಿಬ್ರು ಸುಮ್ನೆ ತಲೆ ಆಡಿಸಿದ್ರು. ಕೇಳ್ತಾ ಹೋದ್ರೆ, ಕ್ಯಾನು ಹಿಡ್ಕೊಂಡು ನಿಂತಿದ್ದ ಆರು ಜನರಲ್ಲಿ ನಾಲ್ಕು ಜನ ನಿದ್ದೆಗೆಟ್ಟೋರೇ. ಅದಕ್ಕೆ ಬರೀತಿದ್ದೀನಿ.

ನಂದು ಮೂರೂವರೆ ಎಕರೆ. ಎರಡು ಎಕರೆ ತೆಂಗು, ಅದರ ಸಾಲಲ್ಲಿ ಒಂದಿಷ್ಟು ಅಡಿಕೆ. ಉಳಿದದ್ದು ರಾಗಿ, ಅವರೆ, ಸೀಮೆಹುಲ್ಲು. ಎರಡು ಹಸು. 2022ರ ಬೇಸಿಗೇಲಿ ಹಳೇ ಬೋರು ನಿಂತೋಯ್ತು. ಹೊಸದು ಕೊರೆಸಿದೆ, 820 ಅಡಿ ಹೋದ್ರೂ ಬರೀ ಧೂಳು. ಮನೆಯವಳ ಸರ, ಬಳೆ ಅಡ ಇಟ್ಟು ಇನ್ನೊಂದು ಕೊರೆಸಿದೆ. 760 ಅಡಿಗೆ ಒಂದೂವರೆ ಇಂಚು ನೀರು ಬಂತು. ಬಂತಲ್ಲ ಅಂತ ಗಂಗಮ್ಮನಿಗೆ ಕೈ ಮುಗಿದೆ. ನಿದ್ದೆ ಹೋಗಿದ್ದು ಅಲ್ಲಿಂದಲೇ.

ಯಾಕೆ ಅಂದ್ರೆ, ನೀರು ಬಂದ್ರೆ ಸಾಲದು, ಕರೆಂಟ್ ಬರಬೇಕು. ನಮ್ಮ ಲೈನಿಗೆ ಆಗ ತ್ರೀ ಫೇಸ್ ಒಂದು ವಾರ ಹಗಲು ಪಾಳಿ, ಒಂದು ವಾರ ರಾತ್ರಿ ಪಾಳಿ. ರಾತ್ರಿ ಪಾಳಿ ಹೆಂಗಿರುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಹತ್ತಕ್ಕೆ ಬಂತು ಅಂತ ಟಾರ್ಚ್ ಹಿಡ್ಕೊಂಡು ಹೋಗಿ ಮೋಟಾರ್ ಹಾಕಿದ್ರೆ ಹನ್ನೊಂದಕ್ಕೆ ಹೋಗುತ್ತೆ. ಮತ್ತೆ ಒಂದೂವರೆಗೆ ಬರುತ್ತೆ. ಕಾಲಡಿ ಮಂಡಲದ ಹಾವಿನ ಭಯ, ಬದುವಿನ ಆಚೆ ಚಿರತೆ ಭಯ. ಮನೆಗೆ ಬಂದು ಮಲಗಿದ್ರೂ ಕಿವಿ ಮಾತ್ರ ತೋಟದಲ್ಲೇ. ಮೋಟಾರ್ ಸದ್ದು ನಿಂತ್ರೆ ಎದ್ದು ಕೂರ್ತಿದ್ದೆ. ಬರಬರ್ತಾ ಏನಾಯ್ತು ಅಂದ್ರೆ, ಹಗಲು ಪಾಳಿ ವಾರದಲ್ಲೂ ರಾತ್ರಿ ಒಂದೂವರೆಗೆ ಸರಿಯಾಗಿ ಕಣ್ಣು ಬಿಡ್ತಿತ್ತು. ಮೋಟಾರೇ ಓಡ್ತಿರ್ಲಿಲ್ಲ, ಆದ್ರೂ ಕಿವಿ ಅದನ್ನೇ ಹುಡುಕೋದು.

ಅದರ ಮೇಲೆ 2023ರಲ್ಲಿ ಕೊಬ್ಬರಿ ಬಿತ್ತು. ಉಂಡೆ ಕೊಬ್ಬರಿಗೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ಇದ್ರೆ, ತಿಪಟೂರು ಮಾರ್ಕೆಟ್ಟಿನಲ್ಲಿ ಎಂಟು ಸಾವಿರದ ಆಸುಪಾಸು. ಅಟ್ಟದ ಮೇಲೆ ಕೊಬ್ಬರಿ, ಕೆಳಗೆ ಮಲಗಿ ನಾನು ಬಡ್ಡಿ ಲೆಕ್ಕ. ರಾತ್ರಿ ಎರಡು ಗಂಟೆಗೆ ಮಾಡೋ ಲೆಕ್ಕ ಯಾವತ್ತೂ ತಾಳೆ ಆಗಲ್ಲ. ಅದೇ ಲೆಕ್ಕ ಬೆಳಿಗ್ಗೆ ಹಾಲು ಕರೆಯುವಾಗ ಮಾಡಿದ್ರೆ, ಕಷ್ಟ ಇದೆ ಆದ್ರೆ ದಾಟಬಹುದು ಅನ್ಸುತ್ತೆ.

ಯಾರಿಗೆ ಹೇಳಿದ್ರೂ ಒಂದೇ ಗಾದೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ. ಅಂದ್ರೆ, ನಿನಗೆ ಚಿಂತೆ, ಅದು ತೀರಿದ್ರೆ ನಿದ್ದೆ ಬರುತ್ತೆ ಬಿಡು ಅಂತ. ನಾನೂ ಅದನ್ನೇ ನಂಬಿಕೊಂಡು ಎರಡು ವರ್ಷ ದೂಡಿದೆ.

ಚಿಂತೆ ತೀರಿತು. 2025ರಲ್ಲಿ ಕೊಬ್ಬರಿ ಇಪ್ಪತ್ತು ಸಾವಿರ ದಾಟ್ತಲ್ಲ, ಅಟ್ಟದಲ್ಲಿದ್ದದ್ದನ್ನ ಸುಲಿಸಿ ಕೊಟ್ಟೆ. ಜುಲೈನಲ್ಲಿ ಸರ, ಬಳೆ ಬಿಡಿಸಿಕೊಂಡು ಬಂದೆ. ಆ ವಾರ ಹಗಲು ಪಾಳಿ ಬೇರೆ. ಮನೆಯವಳು ಪಾಯಸ ಮಾಡಿದ್ಲು. ಇವತ್ತು ನೋಡು, ಕಲ್ಲು ಬಿದ್ದ ಹಂಗೆ ಮಲಗ್ತೀನಿ ಅಂತ ಎಂಟೂವರೆಗೇ ಹಾಸಿಗೆ ಸೇರಿದೆ.

ಒಂದೂವರೆಗೆ ಎಚ್ಚರ ಆಯ್ತು. ಬೆಳಗಿನವರೆಗೂ ಸೂರಿನ ತೊಲೆ ಎಣಿಸಿದೆ.

ಸಾಲ ಇದ್ದಾಗ ಆಗದ ಭಯ ಅವತ್ತು ಆಯ್ತು. ಸಾಲಕ್ಕೆ ಕೊನೆ ಅಂತ ಒಂದಿರುತ್ತೆ. ಇದಕ್ಕೆ ಕಾರಣವೇ ಇಲ್ಲ ಅಂದ್ಮೇಲೆ ಕೊನೆ ಎಲ್ಲಿಂದ ಬರಬೇಕು? ತಲೆ ಕೆಟ್ಟೋಯ್ತೇನೋ ಅನ್ನಿಸ್ತು.

ಆಮೇಲೆ ಕಂಡಿದ್ದೆಲ್ಲ ಮಾಡಿದೆ. ಹಾಲಿಗೆ ಜಾಯಿಕಾಯಿ ತೇಯ್ದು ಕುಡಿದೆ. ಗಸಗಸೆ ಪಾಯಸ ಕುಡಿದೆ, ಹೊಟ್ಟೆ ಭಾರ ಆಯ್ತು ಅಷ್ಟೇ. ಅಂಗಾಲಿಗೆ ಹರಳೆಣ್ಣೆ ಹಚ್ಚಿದೆ, ಹಾಸಿಗೆ ಬಟ್ಟೆ ಹಾಳಾಯ್ತು. ತಾಯತ ಕಟ್ಟಿಸಿಕೊಂಡೆ. ಒಂದು ಹದಿನೈದು ದಿನ ಕ್ವಾರ್ಟರ್ ಹಾಕಿ ನೋಡಿದೆ. ಅದು ಬೇಗ ಮಲಗಿಸುತ್ತೆ, ಸುಳ್ಳು ಹೇಳಲ್ಲ. ಆದ್ರೆ ಮೂರು ಗಂಟೆ ಕಳೆದ ಮೇಲೆ ಕೊರಳಪಟ್ಟಿ ಹಿಡಿದು ಎಬ್ಬಿಸುತ್ತೆ, ಬಾಯಿ ಒಣಗಿ, ಎದೆ ಹೊಡ್ಕೊಂಡು. ನಿದ್ದೆ ಬರ್ಲಿಲ್ಲ ಅಂತ ಮೊಬೈಲ್ ಹಿಡಿದೆ. ಕೊಬ್ಬರಿ ರೇಟ್ ನೋಡೋಕೆ ತೆಗೆದದ್ದು ನಾಲ್ಕು ಗಂಟೆಗೆ ಯಾರದ್ದೋ ಮದುವೆ ಜಗಳದ ವಿಡಿಯೋದಲ್ಲಿ ನಿಲ್ತಿತ್ತು.

ಕೊನೆಗೆ ಮಾತ್ರೆ. ನಮ್ಮವ್ವನಿಗೆ ಹಿಂದೆ ಯಾವಾಗಲೋ ಬರೆದುಕೊಟ್ಟಿದ್ದ ಹಾಳೆ ಅಲಮಾರಿಲಿ ಉಳಿದಿತ್ತು. ಅರ್ಧ ತಗೊಂಡೆ. ಆಹಾ, ಏನು ನಿದ್ದೆ! ಅದು ಮುಗಿದ ಮೇಲೆ ಚೀಟಿ ಇಲ್ಲದೆ ಕೊಡೋ ಅಂಗಡಿ ಹುಡುಕಿಕೊಂಡೆ. ಹೆಸರು ಬರೆಯಲ್ಲ, ಮಾತ್ರೆದೂ ಬರೆಯಲ್ಲ, ಅಂಗಡಿದೂ ಬರೆಯಲ್ಲ. ಬರೆದ್ರೆ ನಾಳೆ ನಿಮ್ಮಲ್ಲೇ ಯಾರಾದ್ರೂ ಹೋಗಿ ಕೇಳ್ತೀರಿ. ಅರ್ಧ ಇದ್ದದ್ದು ಒಂದಾಯ್ತು, ಸೆಪ್ಟೆಂಬರ್ ಹೊತ್ತಿಗೆ ಎರಡಾಯ್ತು. ಒಂದು ರಾತ್ರಿ ಬಿಟ್ರೆ ಮೊದಲಿಗಿಂತ ಕೆಟ್ಟದಾಗಿ ಎಚ್ಚರ, ಮೈಯೆಲ್ಲ ನಡುಕ. ಮನೇಲಿ ಗೊತ್ತಾಗಬಾರದು ಅಂತ ಪಂಪ್‌ಹೌಸಿನಲ್ಲಿ ಸ್ಟಾರ್ಟರ್ ಡಬ್ಬದ ಹಿಂದೆ ಇಡ್ತಿದ್ದೆ.

ಸೆಪ್ಟೆಂಬರ್ ಕೊನೆಯಲ್ಲಿ ಒಂದು ಬೆಳಿಗ್ಗೆ ಚಾಫ್ ಕಟರ್‌ಗೆ ಸೀಮೆಹುಲ್ಲು ಹಾಕ್ತಿದ್ದೆ. ನಿಂತುಕೊಂಡೇ ಕಣ್ಣು ಮುಚ್ಚಿದೀನಿ. ಎಷ್ಟು ಹೊತ್ತೋ ಗೊತ್ತಿಲ್ಲ, ಒಂದು ಉಸಿರು ಇರಬಹುದು. ಮನೆಯವಳು ಕೊಟ್ಟಿಗೆಯಿಂದ ಓಡಿ ಬಂದು ಸ್ವಿಚ್ ಆರಿಸಿದ್ಲು. ಕೈ ಉಳೀತು, ಅಂಗಿ ತೋಳು ಹೋಯ್ತು. ತೋಳಿನ ಬಟ್ಟೆ ಹುಲ್ಲಿನ ಜೊತೆ ಚೂರು ಚೂರಾಗಿ ಆಚೆ ಬಿದ್ದಿತ್ತು.

ಅವಳು ಕೂಗಾಡ್ಲಿಲ್ಲ. ಅವತ್ತು ಸಂಜೆ ತಾನೇ ಪಂಪ್‌ಹೌಸಿಗೆ ಹೋಗಿ ಹುಡುಕಿದ್ದಾಳೆ. ರಾತ್ರಿ ಮುದ್ದೆ ಬಡಿಸಿ, ತಟ್ಟೆ ಪಕ್ಕದಲ್ಲಿ ಮಾತ್ರೆ ಹಾಳೆಗಳನ್ನ ಇಟ್ಟು, "ಏನಂದ್ರೆ, ಇದು ಯಾವ ಬೆಳೆಗೆ ಹೊಡೆಯೋ ಔಷಧಿ?" ಅಂದ್ಲು.

ನನಗೆ ಮುದ್ದೆ ಇಳೀಲಿಲ್ಲ. ಎಲ್ಲ ಹೇಳಿದೆ.

ನಮ್ಮ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನಸ್ಸಿನ ಡಾಕ್ಟ್ರು ಬರ್ತಾರೆ. ಮನೋಚೈತನ್ಯ ಅಂತ ಸರ್ಕಾರದ ಕಾರ್ಯಕ್ರಮ. ಆಶಾ ಕಾರ್ಯಕರ್ತೆ ಹೇಳಿದ್ದು ಮನೆಯವಳ ನೆನಪಲ್ಲಿತ್ತು. ನನಗೆ ಹೋಗೋಕೆ ನಾಚಿಕೆ. ಯಾರಾದ್ರೂ ನೋಡಿದ್ರೆ ಹುಚ್ಚಾಸ್ಪತ್ರೆ ಸೇರಿದ ಅಂತಾರೆ ಅಂತ ಬೈಕನ್ನ ಗೊಬ್ಬರದ ಅಂಗಡಿ ಹಿಂದೆ ನಿಲ್ಲಿಸಿ ನಡ್ಕೊಂಡು ಹೋದೆ. ಸಾಲಲ್ಲಿ ನಮ್ಮೂರವನೇ ಒಬ್ಬ ಕೂತಿದ್ದ. "ಬಿಪಿ ತೋರಿಸೋಕೆ ಬಂದೆ" ಅಂದ. "ನಾನೂ ಬಿಪಿಗೇ" ಅಂದೆ. ಇಬ್ರೂ ಒಂದೇ ಬಾಗಿಲಿಗೆ ಹೋದ್ವಿ.

ಡಾಕ್ಟ್ರಮ್ಮ ಚಿಕ್ಕ ವಯಸ್ಸಿನವರು. ಮೊದಲು ಬಿಪಿ, ಶುಗರ್, ಥೈರಾಯ್ಡ್ ಪರೀಕ್ಷೆ ಬರೆದ್ರು. ರಾತ್ರಿ ಎಷ್ಟು ಸಲ ಮೂತ್ರಕ್ಕೆ ಏಳ್ತೀರಿ ಅಂತ ಕೇಳಿದ್ರು. ಮನೆಯವಳನ್ನ, "ಇವರು ಗೊರಕೆ ಹೊಡೀತಾರಾ? ಗೊರಕೆ ನಡುವೆ ಉಸಿರು ನಿಂತು, ಆಮೇಲೆ ಸಿಕ್ಕಿಹಾಕಿಕೊಂಡ ಹಂಗೆ ಎಳೀತಾರಾ?" ಅಂತ ಕೇಳಿದ್ರು. ಹಂಗಿದ್ರೆ ಅದು ಬೇರೆ ಕಾಯಿಲೆಯಂತೆ, ಅದಕ್ಕೆ ಬೇರೆ ಚಿಕಿತ್ಸೆ, ಅಂಥವರಿಗೆ ನಿದ್ದೆ ಮಾತ್ರೆಯೂ ಅಪಾಯವಂತೆ. ನನಗೆ ಅದ್ಯಾವುದೂ ಇರ್ಲಿಲ್ಲ. ಮಾತ್ರೆ ಒಂದೇ ಸಲ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು, ನಾನು ಹೇಳಿದ ಹಂಗೆ ಇಳಿಸಿಕೊಂಡು ಬನ್ನಿ ಅಂದ್ರು. ಹೊಸ ಮಾತ್ರೆ ಕೊಡ್ತಾರೆ ಅಂದ್ಕೊಂಡಿದ್ದೆ, ಒಂದು ನೋಟ್‌ಬುಕ್ ಇಟ್ಕೊಳ್ಳಿ ಅಂದ್ರು. ಎರಡು ವಾರ ದಿನಾ ಬೆಳಿಗ್ಗೆ ಬರೀಬೇಕು: ಎಷ್ಟೊತ್ತಿಗೆ ಮಲಗಿದೆ, ಅಂದಾಜು ಯಾವಾಗ ನಿದ್ದೆ ಹತ್ತಿತು, ಎಷ್ಟು ಸಲ ಎಚ್ಚರ ಆಯ್ತು, ಎಷ್ಟೊತ್ತಿಗೆ ಎದ್ದೆ.

ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲೇ ಬರೆದೆ. ಎರಡು ವಾರ ಕಳೆದು ಡಾಕ್ಟ್ರಮ್ಮ ಕೂಡಿಸಿದ್ರು. ಹಾಸಿಗೆಯಲ್ಲಿ ಇರೋದು ಎಂಟೂವರೆಯಿಂದ ಐದರ ತನಕ, ಎಂಟೂವರೆ ಗಂಟೆ. ನಿದ್ದೆ ಮಾಡೋದು ಐದು ಗಂಟೆಗೂ ಕಡಿಮೆ. "ಯಜಮಾನ್ರೇ, ನಿಮ್ಮ ಹತ್ರ ಇರೋದು ಐದು ಗಂಟೆ ನಿದ್ದೆ. ಅದನ್ನ ಎಂಟೂವರೆ ಗಂಟೆ ಹಾಸಿಗೆಗೆ ಹರಡ್ತಿದ್ದೀರಿ. ಅದಕ್ಕೇ ಹರಿದು ಹೋಗ್ತಿದೆ. ಸದ್ಯಕ್ಕೆ ರಾತ್ರಿ ಹನ್ನೊಂದೂವರೆಗೆ ಮುಂಚೆ ಮಲಗಬೇಡಿ. ಐದಕ್ಕೆ ಏಳಲೇಬೇಕು. ಮಧ್ಯಾಹ್ನ ಮಲಗಬೇಡಿ."

ನಿದ್ದೆ ಇಲ್ಲ ಅಂತ ಬಂದವನಿಗೆ ಮಲಗಬೇಡ ಅಂತಾರಲ್ಲ ಅಂತ ಸಿಟ್ಟು ಬಂತು. ಆಮೇಲೆ ತಟ್ಟಂತ ಹೊಳೀತು. "ಅಂದ್ರೆ ಮಡಿ ಚಿಕ್ಕದು ಮಾಡು ಅಂತೀರ" ಅಂದೆ. "ಮಡಿ ಅಂದ್ರೆ?" ಅಂದ್ರು. ಹೇಳಿದೆ. ನನ್ನ ಬೋರಿನ ಒಂದೂವರೆ ಇಂಚು ನೀರನ್ನ ದೊಡ್ಡ ಮಡಿಗೆ ಬಿಟ್ರೆ ಕೊನೆ ಮುಟ್ಟೋದೇ ಇಲ್ಲ. ಮೇಲೆ ನೆಲ ಒದ್ದೆ ಆಗುತ್ತೆ, ಬೇರಿಗೆ ಇಳಿಯಲ್ಲ. ಅದೇ ಬದು ಹಾಕಿ ಮಡಿ ಚಿಕ್ಕದು ಮಾಡಿದ್ರೆ ಅಷ್ಟೇ ನೀರು ನಿಂತು ಕೆಳಗೆ ಇಳಿಯುತ್ತೆ. ಡಾಕ್ಟ್ರಮ್ಮ ನಕ್ಕು, ಇನ್ಮೇಲೆ ಬರೋರಿಗೆ ಹಂಗೇ ಹೇಳ್ತೀನಿ ಅಂದ್ರು.

ಚಿಂತೆ ತೀರಿದ್ರೂ ನಿದ್ದೆ ಯಾಕೆ ಬರ್ಲಿಲ್ಲ ಅಂತ ಕೇಳಿದೆ. ನಿದ್ದೆ ಕೆಡೋಕೆ ಕಾರಣ ಒಂದು, ಕೆಟ್ಟಿದ್ದು ಹಂಗೇ ಉಳಿಯೋಕೆ ಕಾರಣ ಇನ್ನೊಂದು ಅಂದ್ರು. ಕೆಡಿಸಿದ್ದು ಕರೆಂಟು, ಸಾಲ. ಉಳಿಸಿದ್ದು ನಾನೇ. ನಿದ್ದೆ ಸಾಲ್ಲಿಲ್ಲ ಅಂತ ಬೇಗ ಮಲಗೋದು, ಮಧ್ಯಾಹ್ನ ತೆಂಗಿನ ಮರದ ಕೆಳಗೆ ಎರಡು ಗಂಟೆ ಉರುಳೋದು, ರಾತ್ರಿ ಎಚ್ಚರವಾಗಿ ಹಾಸಿಗೆಯಲ್ಲೇ ಹೊರಳಾಡೋದು, ಗಳಿಗೆಗೊಂದು ಸಲ ಟೈಮ್ ನೋಡೋದು. ಹಾಸಿಗೆ ಅಂದ್ರೆ ಕಾವಲು ಕಾಯೋ ಜಾಗ ಅಂತ ಮೈ ಕಲಿತುಬಿಟ್ಟಿತ್ತು. ಈಗ ಅದನ್ನ ಮರೆಸಬೇಕು. ಅದಕ್ಕೆ ಇನ್ನೊಂದು ನಿಯಮ: ಇಪ್ಪತ್ತು ನಿಮಿಷ ಆಯ್ತು, ನಿದ್ದೆ ಬರ್ತಿಲ್ಲ ಅನ್ನಿಸಿದ್ರೆ ಹಾಸಿಗೆ ಬಿಟ್ಟು ಏಳಬೇಕು. ಗಡಿಯಾರ ನೋಡಬಾರದು, ಅಂದಾಜು ಸಾಕು. ಬೇರೆ ಕಡೆ ಕೂತು ಸಣ್ಣ ಬೆಳಕಲ್ಲಿ ಏನಾದ್ರೂ ಬೇಜಾರಿನ ಕೆಲಸ ಮಾಡಬೇಕು. ಮೊಬೈಲ್ ಬೇಡ. ಕಣ್ಣು ಎಳೆದಾಗ ವಾಪಸ್ಸು. ಎಷ್ಟು ಸಲ ಆದ್ರೂ ಸರಿ.

ನವೆಂಬರ್‌ನಲ್ಲಿ ಶುರು ಮಾಡಿದೆ. ಮೊದಲ ಎರಡು ವಾರ ನರಕ. ಹನ್ನೊಂದೂವರೆ ತನಕ ಕೂರೋದೇ ಒಂದು ಶಿಕ್ಷೆ. ಆ ದಿನಗಳಲ್ಲಿ ಚಾಫ್ ಕಟರ್ ಹತ್ರ ಮನೆಯವಳು ಬಿಡ್ಲಿಲ್ಲ, ದೂರಕ್ಕೆ ಬೈಕ್ ಓಡಿಸ್ಲಿಲ್ಲ, ಮರ ಹತ್ತಿಸೋದು ಕೂಡ ಮುಂದಕ್ಕೆ ಹಾಕಿದೆ. ಹಗಲೆಲ್ಲ ಮಂಕು ಕವಿದ ಹಂಗೆ. ಬಿಟ್ಟುಬಿಡ್ತೀನಿ ಅಂತ ಮೂರು ಸಲ ಅಂದೆ.

ಆಗ ಅವರೆ ಕಾಲ. ಬೇಜಾರಿನ ಕೆಲಸ ಅಂದ್ರೆ ಅವರೆಕಾಯಿ ಬಿಡಿಸೋದಕ್ಕಿಂತ ಇನ್ನೇನಿದೆ? ಮನೆಯವಳು ಸಂಜೆನೇ ಜಗಲಿ ಮೇಲೆ ಒಂದು ಮೊರ, ಒಂದು ಕುಕ್ಕೆ ಕಾಯಿ ಇಟ್ಟಿರ್ತಿದ್ಲು. ಎಚ್ಚರ ಆದ್ರೆ ಕಂಬಳಿ ಹೊದ್ದುಕೊಂಡು ಹೋಗಿ ಬಿಡಿಸ್ತಾ ಕೂರೋದು. ಒಂದು ರಾತ್ರಿ ನಾನು ಕೂತಿದ್ದಾಗ ಅವಳೂ ಎದ್ದು ಬಂದ್ಲು. "ನೀನ್ಯಾಕೆ ಎದ್ದೆ, ಹೋಗಿ ಮಲಕ್ಕೋ" ಅಂದೆ. "ಮೂರು ವರ್ಷದಿಂದ ನೀವು ಎದ್ದಾಗೆಲ್ಲ ನಾನೂ ಎದ್ದಿದ್ದೀನಿ. ಕಣ್ಣು ಮುಚ್ಚಿಕೊಂಡು ಮಲಗಿರ್ತಿದ್ದೆ ಅಷ್ಟೇ" ಅಂದ್ಲು. ನನಗೆ ಏನು ಹೇಳಬೇಕೋ ತಿಳೀಲಿಲ್ಲ. ಇಬ್ರೂ ಮಾತಾಡದೆ ಎರಡು ಸೇರು ಕಾಳು ಬಿಡಿಸಿದ್ವಿ. ಮಾರನೇ ದಿನ ಅದೇ ಕಾಳಿನ ಸಾರು. ಬಿಟ್ಟುಬಿಡ್ತೀನಿ ಅನ್ನೋ ಮಾತು ಆಮೇಲೆ ನಾನು ಆಡ್ಲಿಲ್ಲ.

ಡಿಸೆಂಬರ್ ನಡುವೆ ಒಂದು ದಿನ ಅಲಾರಂ ಹೊಡೀತು. ಯಾಕೆ ಹೊಡೀತಿದೆ ಅಂತ ಅರ್ಥ ಆಗೋಕೆ ಸ್ವಲ್ಪ ಹೊತ್ತಾಯ್ತು. ಅಲಾರಂ ಇಡೋದು ದಿನಾ ಇಟ್ಟಿದ್ದೇ, ಆದ್ರೆ ಅದು ಹೊಡೆಯೋ ಮುಂಚೆ ನಾನೇ ಎದ್ದು ಕೂತಿರ್ತಿದ್ದೆ. ಅದು ನನ್ನನ್ನ ಎಬ್ಬಿಸಿದ್ದು ಮೂರು ವರ್ಷದಲ್ಲಿ ಅವತ್ತೇ ಮೊದಲು.

ಹಾಸಿಗೆಯಲ್ಲಿ ಕಳೆಯೋ ಹೊತ್ತೆಲ್ಲ ಬಹುಪಾಲು ನಿದ್ದೆಯಿಂದ ತುಂಬಿದ ವಾರ, ಮುಂದಿನ ವಾರಕ್ಕೆ ಹದಿನೈದು ನಿಮಿಷ ಮುಂಚೆ ಮಲಗಬಹುದು. ತುಂಬದಿದ್ರೆ ಅಲ್ಲೇ ನಿಲ್ಲೋದು. ಹಿಂಗೆ ಬದು ಸರಿಸ್ತಾ ಸರಿಸ್ತಾ ಈಗ ಶಿವರಾತ್ರಿ ಕಳೆಯೋ ಹೊತ್ತಿಗೆ ಹತ್ತೂಕಾಲಿಗೆ ಬಂದಿದ್ದೀನಿ. ಮಾತ್ರೆ ಡಾಕ್ಟ್ರಮ್ಮ ಹೇಳಿದ ಹಂಗೆ ಸ್ವಲ್ಪ ಸ್ವಲ್ಪವೇ ಇಳಿಸಿ, ಸಂಕ್ರಾಂತಿ ಕಳೆದ ಮೇಲೆ ಪೂರ್ತಿ ನಿಂತಿದೆ. ಈಗಲೂ ರಾತ್ರಿ ಒಂದು ಸಲ ಎಚ್ಚರ ಆಗುತ್ತೆ. ಆದ್ರೆ ಹೆದರಿಕೆ ಆಗಲ್ಲ. ಹೊರಳಿ ಮಲಗ್ತೀನಿ.

ನನಗೆ ಸಹಾಯ ಆಗಿದ್ದು ಇನ್ನೂ ಮೂರು ನಾಲ್ಕು ಇವೆ, ಹೇಳಿಬಿಡ್ತೀನಿ.

ಟೀ ಕಾಫಿ ಮಧ್ಯಾಹ್ನ ಎರಡರ ಮೇಲೆ ಇಲ್ಲ. ಸಂಜೆ ಕುಡಿದದ್ದರ ಕಾವು ಮಲಗೋ ಹೊತ್ತಿಗೂ ಮೈಯಲ್ಲಿ ಉಳಿದಿರುತ್ತೆ. ಮುದ್ದೆ ಏಳೂವರೆ ಒಳಗೆ.

ಸಂಜೆ ಹಾಲು ಹಾಕಿ ಬಂದ ಮೇಲೆ ಕಾಲು ಗಂಟೆ ಚಿಂತೆಗೆ ಅಂತಲೇ ಇಟ್ಟಿದ್ದೀನಿ. ಕೊಡಬೇಕಾದ್ದು, ಬರಬೇಕಾದ್ದು, ನಾಳೆ ಕೆಲಸ, ಎಲ್ಲ ಪುಸ್ತಕದಲ್ಲಿ ಬರೀತೀನಿ. ರಾತ್ರಿ ತಲೆಗೆ ಬಂದ್ರೆ, ನೀನು ಪುಸ್ತಕದಲ್ಲಿದ್ದೀಯ, ನಾಳೆ ಸಂಜೆ ಬಾ ಅಂತೀನಿ. ತಮಾಷೆ ಅನ್ನಿಸಬಹುದು, ಆದ್ರೆ ಕೆಲಸ ಮಾಡುತ್ತೆ.

ರಾತ್ರಿ ಪಾಳಿಗೆ ಪಕ್ಕದ ತೋಟದ ತಮ್ಮನ ಜೊತೆ ಒಪ್ಪಂದ ಮಾಡ್ಕೊಂಡಿದ್ದೀನಿ. ಮೂರು ರಾತ್ರಿ ಅವನು ಎರಡೂ ಮೋಟಾರ್ ನೋಡ್ತಾನೆ, ಮೂರು ರಾತ್ರಿ ನಾನು. ನನ್ನ ಸರದಿ ಇಲ್ಲದ ದಿನ ಮೋಟಾರ್ ನಿಂತ್ರೂ ಅದು ನನ್ನದಲ್ಲ. ಆ ಮಾತು ಕಿವಿಗೆ ಅರ್ಥ ಆಗೋಕೆ ಒಂದು ತಿಂಗಳು ಬೇಕಾಯ್ತು. ಎದ್ದು ನೀರು ಕಟ್ಟಿದ ಮಾರನೇ ದಿನವೂ ಏಳೋದು ಐದಕ್ಕೇ. ತೀರಾ ತಡೀದಿದ್ರೆ ಮಧ್ಯಾಹ್ನ ಮೂರರ ಒಳಗೆ ಇಪ್ಪತ್ತು ನಿಮಿಷ, ಅದೂ ಅಲಾರಂ ಇಟ್ಟು.

ಒಂದು ಎಚ್ಚರಿಕೆ. ನನ್ನ ಬರಹ ನೋಡಿ ನೀವೇ ನಿದ್ದೆ ಕಡಿಮೆ ಮಾಡ್ಕೊಂಡು ಟ್ರ್ಯಾಕ್ಟರ್ ಹತ್ತಬೇಡಿ. ಮೂರ್ಛೆ ರೋಗ ಇರೋರು, ಮೊದಲೇ ಮನಸ್ಸಿನ ಕಾಯಿಲೆಗೆ ಔಷಧಿ ತಗೊಳ್ತಿರೋರು, ಉಸಿರು ನಿಲ್ಲೋ ಗೊರಕೆ ಇರೋರು ಡಾಕ್ಟ್ರನ್ನ ಕೇಳದೆ ಮಾಡಲೇಬಾರದು. ಮಾತ್ರೆ ತಗೊಳ್ತಿರೋರು ನೀವಾಗೇ ನಿಲ್ಲಿಸಬೇಡಿ. ನಿದ್ದೆ ಇಲ್ಲದ ರಾತ್ರಿ ಬದುಕೇ ಬೇಡ ಅನ್ನಿಸೋದೂ ಉಂಟು, ನನಗೂ ಒಂದೆರಡು ಸಲ ಅನ್ನಿಸಿತ್ತು. ಆಗ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ, ದುಡ್ಡು ಕಟ್ಟಾಗಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಗಾದೆ ಸುಳ್ಳು ಅಂತ ನಾನು ಹೇಳಲ್ಲ. ಆದ್ರೆ ಚಿಂತೆ ತೀರ್ಲಿ, ಆಮೇಲೆ ನಿದ್ದೆ ತಾನಾಗೇ ಬರುತ್ತೆ ಅಂತ ಕಾಯ್ತಾ ಕೂರಬೇಡಿ. ರೈತನ ಚಿಂತೆ ಯಾವತ್ತು ಪೂರ್ತಿ ತೀರಿದೆ? ಕಳೆದ ವರ್ಷ ರೇಟ್ ಇತ್ತು, ಮರದಲ್ಲಿ ಕಾಯಿ ಇರ್ಲಿಲ್ಲ. ಚಿಂತೆ ಪಾಡಿಗೆ ಚಿಂತೆ ಇರುತ್ತೆ, ನಿದ್ದೆಗೆ ಬೇರೆಯಾಗಿಯೇ ದುಡೀಬೇಕು.

ಬರೋ ಮಂಗಳವಾರ ನಾನು ತಾಲ್ಲೂಕು ಆಸ್ಪತ್ರೆಗೆ ಹೋಗ್ತಿದ್ದೀನಿ, ಪುಸ್ತಕ ತೋರಿಸೋಕೆ. ಬೆಳಿಗ್ಗೆ ಡೈರಿ ಮುಗಿಸಿ ಹೊರಡೋದು. ಬೈಕಲ್ಲಿ ಹಿಂದೆ ಜಾಗ ಇದೆ, ಬರೋರು ಹೇಳಿ. ಈ ಸಲ ಬೈಕು ಆಸ್ಪತ್ರೆ ಬಾಗಿಲ ಮುಂದೇನೇ ನಿಲ್ಲಿಸ್ತೀನಿ.